ಹ್ಯಾಕರ್‌ಗೆ ಬಲೆ ಒಡ್ಡುವ ಮುನ್ನ: ಕೊಡಗಿನ ಹೋಂಸ್ಟೇ, ತೋಟದ ಕಚೇರಿಗಳಿಗೆ ಒಂದು ಮಾರ್ಗದರ್ಶಿ

ಗೋಣಿಕೊಪ್ಪದ ಸುತ್ತಮುತ್ತಲಿನ ಹೋಂಸ್ಟೇ ಮತ್ತು ತೋಟದ ಕಚೇರಿಗಳಿಗೆ ರೂಟರ್, ಸಿಸಿಟಿವಿ, ಬಿಲ್ಲಿಂಗ್ ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಹೋಂಸ್ಟೇಯಲ್ಲಿ ಯಜಮಾನರ ಒಪ್ಪಿಗೆ ಪಡೆದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ. ‘ಅಡ್ಮಿನ್’ ಎಂಬ ಬಳಕೆದಾರ, ಪಾಸ್‌ವರ್ಡ್ ಕೂಡ ‘ಅಡ್ಮಿನ್’. ರೂಟರ್‌ನಲ್ಲಿ 22ನೇ ಪೋರ್ಟನ್ನು (ದೂರದಿಂದ ಲಾಗಿನ್ ಆಗುವ ಬಾಗಿಲು) ಅದಕ್ಕೆ ತಿರುಗಿಸಿ ಇಂಟರ್ನೆಟ್ಟಿಗೆ ಬಿಟ್ಟೆ. ಯಾರು ಬರುತ್ತಾರೆ, ಏನು ಮಾಡುತ್ತಾರೆ ನೋಡೋಣ ಎಂಬ ಕುತೂಹಲ. ಸಂಜೆ ಇಟ್ಟ ಬಲೆಗೆ ನಾನು ಊಟ ಮುಗಿಸುವಷ್ಟರಲ್ಲೇ ಯಾರೋ ಒಳಗೆ ಬಂದಿದ್ದರು. ಖುಷಿಯಿಂದ ಮಲಗಿದೆ.

ಮೂರನೆಯ ದಿನ, ಶನಿವಾರ, ಕೋಣೆಗಳೆಲ್ಲ ತುಂಬಿದ್ದಾಗ ಇಂಟರ್ನೆಟ್ ನಿಂತಿತು. ನಮ್ಮ ಸಂಪರ್ಕದಿಂದ ಲೆಕ್ಕವಿಲ್ಲದಷ್ಟು ಸ್ಪ್ಯಾಮ್ ಹೋಗುತ್ತಿದೆ ಎಂದು ಸೇವೆ ಕೊಡುವವರೇ ಸಂಪರ್ಕ ಕಡಿದಿದ್ದರು. ಮೊಬೈಲ್ ಸಿಗ್ನಲ್ ನೆಟ್ಟಗೆ ಸಿಗದ ಆ ಬೆಟ್ಟದ ಮನೆಯಲ್ಲಿ ಯುಪಿಐ ಹಣ ಕಟ್ಟಲೂ ವೈಫೈಯೇ ಗತಿ. ಅಂದು ಬಂದಿಳಿದ ಇಬ್ಬರು ವಿದೇಶಿ ಅತಿಥಿಗಳ ಸಿ-ಫಾರಂ (ವಿದೇಶಿಯರು ತಂಗಿದ್ದನ್ನು ಸರ್ಕಾರಕ್ಕೆ ತಿಳಿಸುವ ನಮೂನೆ) 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕಿತ್ತು. ಯಜಮಾನರು ಪಾಸ್‌ಪೋರ್ಟ್ ವಿವರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸುರಿಯುವ ಮಳೆಯಲ್ಲಿ ಜೀಪಿನಲ್ಲಿ ಪೇಟೆಗೆ ಹೋದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಹೀಗೆ ದಾಳಿಕೋರರನ್ನು ಸೆಳೆಯಲೆಂದೇ ಇಡುವ ಹುಸಿ ಕಂಪ್ಯೂಟರಿಗೆ ಹನಿಪಾಟ್ ಎನ್ನುತ್ತಾರೆ. ಇತ್ತೀಚೆಗೆ ಯೂಟ್ಯೂಬ್ ನೋಡಿ ‘ನಮ್ಮಲ್ಲೂ ಒಂದು ಇಟ್ಟುಕೊಡಿ’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಇಡಬಹುದು. ಆದರೆ ಬಲೆಗೆ ಬಿದ್ದವನು ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬಲ್ಲ ಎಂಬುದನ್ನು ಮೊದಲು ಕಟ್ಟಿಹಾಕಿ, ಆಮೇಲೆ ಬಲೆ ಒಡ್ಡಬೇಕು. ನಾನು ಮಾಡಿದ್ದು ತಿರುಗುಮುರುಗು.

ಮೊದಲ ಹೆಜ್ಜೆ: ಬಲೆ ಬೇಕೇ, ಬೇಡವೇ

ಕಾಫಿ ಬೆಳೆಗಾರರಿಗೆ ಕಾಯಿಕೊರಕದ ಟ್ರ್ಯಾಪ್ ಗೊತ್ತಿದೆ. ದುಂಬಿ ಯಾವಾಗ ಹಾರುತ್ತಿದೆ, ಎಷ್ಟು ಹಾರುತ್ತಿದೆ ಎಂಬುದನ್ನು ಅದು ತಿಳಿಸುತ್ತದೆ, ಒಂದಿಷ್ಟನ್ನು ಹಿಡಿಯುತ್ತದೆ. ಆದರೆ ಕೊಯ್ಲಿನ ನಂತರ ಗಿಡದಲ್ಲಿ ಉಳಿದ ಹಣ್ಣು, ನೆಲಕ್ಕೆ ಉದುರಿದ ಕಾಯಿ ಹೆಕ್ಕಿಸದೆ ಬರೀ ಟ್ರ್ಯಾಪ್ ತೂಗುಹಾಕಿದರೆ ಮುಂದಿನ ವರ್ಷವೂ ಹುಳು ಅಷ್ಟೇ ಇರುತ್ತದೆ. ಕಂಪ್ಯೂಟರಿಗೂ ಹೆಕ್ಕುವ ಕೆಲಸವೇ ಮೊದಲು: ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್‌ಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸುವುದು, ರೂಟರ್‌ನ ಸಾಫ್ಟ್‌ವೇರ್ ನವೀಕರಿಸುವುದು, ಅತಿಥಿಗಳ ವೈಫೈಯನ್ನು ಕಚೇರಿಯ ಜಾಲದಿಂದ ಬೇರ್ಪಡಿಸುವುದು, ಲೆಕ್ಕಪತ್ರದ ಒಂದು ಪ್ರತಿಯನ್ನು ಜಾಲಕ್ಕೆ ಸಿಗದ ಹಾರ್ಡ್‌ಡಿಸ್ಕಿನಲ್ಲಿ ಇಡುವುದು.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಕ್ಯಾಮೆರಾ, ಡಿವಿಆರ್‌ಗಳನ್ನು ಕೈವಶ ಮಾಡಿಕೊಂಡಿದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ. ಅರವತ್ತರಷ್ಟು ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ ಹೋಯಿತು, ಅಷ್ಟೆ. ಆ ವರ್ಷದ ಅಕ್ಟೋಬರ್ 21ರಂದು ತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ನಡೆದ ದಾಳಿಯಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳೇ ಹಲವರಿಗೆ ತೆರೆಯದಾದವು. ದಾಳಿ ಮಾಡಿದ್ದು ಇಂಥ ಮನೆ-ಅಂಗಡಿಗಳ ಸಾಧನಗಳೇ. ನಿಮ್ಮ ಡಿವಿಆರ್ ಇಂದಿಗೂ ಹಳೆಯ ಪಾಸ್‌ವರ್ಡಿನಲ್ಲಿದ್ದರೆ ಬೇರೆ ಬಲೆ ಬೇಡ, ಅದನ್ನು ಸರಿಪಡಿಸಿ.

ಎರಡನೆಯ ಹೆಜ್ಜೆ: ಬಲೆ ಹೊರಗೋ ಒಳಗೋ

ಇಂಟರ್ನೆಟ್ ಕಡೆಗೆ ಮುಖಮಾಡಿದ ಹನಿಪಾಟ್ ಸಂಶೋಧಕರಿಗೆ ಬೇಕು. ಅದಕ್ಕೆ ದಿನವಿಡೀ ಯಂತ್ರಗಳು ಬಡಿಯುತ್ತಲೇ ಇರುತ್ತವೆ. ಆ ಸದ್ದಿನಲ್ಲಿ ನಿಮ್ಮನ್ನೇ ಗುರಿಯಾಗಿಸಿಕೊಂಡು ಬಂದವನು ಯಾರು ಎಂದು ತಿಳಿಯುವುದಿಲ್ಲ. ಪೊನ್ನಂಪೇಟೆಯ ಒಂದು ತೋಟದ ಕಚೇರಿಗೆ ‘ಇವತ್ತು ಇಷ್ಟು ಸಾವಿರ ಬಾರಿ ಪಾಸ್‌ವರ್ಡ್ ಪ್ರಯತ್ನ ನಡೆಯಿತು’ ಎಂಬ ಮಾಹಿತಿಯಿಂದ ಏನು ಪ್ರಯೋಜನ?

ಕಚೇರಿ ಜಾಲದ ಒಳಗಿನ ಬಲೆ ಬೇರೆ ಥರ. ಅಲ್ಲಿ ಒಂದು ಹುಸಿ ಫೈಲ್ ಸರ್ವರ್ ಇದೆ, ಯಾರಿಗೂ ಅದರ ಕೆಲಸವಿಲ್ಲ. ಅದನ್ನು ಮುಟ್ಟಿದವರು ಯಾರೇ ಆಗಲಿ, ಯಾಕೆ ಮುಟ್ಟಿದರು ಎಂದು ಕೇಳಬಹುದು. ವಾರಗಟ್ಟಲೆ ಮೌನ, ಒಂದು ದಿನ ಒಂದೇ ಎಚ್ಚರಿಕೆ. ನಮ್ಮಂಥ ಸಣ್ಣವರಿಗೆ ಇದೇ ಸಾಕು. ಹೊರಗಿನ ಬಲೆಗೆಂದೇ ಸ್ಥಿರ ಐಪಿ ವಿಳಾಸ (ಬದಲಾಗದ ಇಂಟರ್ನೆಟ್ ವಿಳಾಸ) ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ.

ಮೂರನೆಯ ಹೆಜ್ಜೆ: ಎಷ್ಟು ಆಳದ ಬಲೆ

ನಿಜವಾದ ಲಿನಕ್ಸ್ ಅಥವಾ ವಿಂಡೋಸ್ ಯಂತ್ರವನ್ನೇ ಸಡಿಲ ಪಾಸ್‌ವರ್ಡಿನೊಂದಿಗೆ ಇಟ್ಟರೆ ಬಂದವನಿಗೆ ಪೂರ್ತಿ ಕಂಪ್ಯೂಟರೇ ಸಿಗುತ್ತದೆ. ನಾನು ಮಾಡಿದ ತಪ್ಪು ಅದೇ. ಕೌರಿಯಂಥ ತಂತ್ರಾಂಶ ನಡುವಿನದು: ಒಳಗೆ ಬಿಟ್ಟಂತೆ ಮಾಡಿ, ಹುಸಿ ಫೋಲ್ಡರ್‌ಗಳನ್ನು ತೋರಿಸಿ, ಟೈಪ್ ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಓಪನ್‌ಕ್ಯಾನರಿ ಇನ್ನೂ ಸರಳ. ಫೈಲ್ ಸರ್ವರ್‌ನಂತೆ, ಲಾಗಿನ್ ಪುಟದಂತೆ ನಟಿಸುತ್ತದೆ, ಯಾವ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ, ಮುಟ್ಟಿದ ಕೂಡಲೇ ನಿಮಗೆ ಸಂದೇಶ ಕಳಿಸುತ್ತದೆ. ಮೊದಲ ಬಾರಿ ಇಡುವವರು ಇದನ್ನೇ ಆರಿಸಿ. ಹತ್ತಾರು ಹನಿಪಾಟ್‌ಗಳನ್ನು ಒಟ್ಟಿಗೆ ಕಟ್ಟಿದ ಟಿ-ಪಾಟ್ ನೋಡಲು ಚೆಂದ, ನಕ್ಷೆಯ ಮೇಲೆ ಬೆಳಕು ಮಿನುಗುತ್ತದೆ. ಆದರೆ ಅದರ ಹಸಿವಿಗೆ ತಕ್ಕ ಯಂತ್ರ, ಅದನ್ನು ದಿನವೂ ನೋಡಿಕೊಳ್ಳುವ ಆಳು ನಮ್ಮಲ್ಲಿಲ್ಲ.

ಯಾವುದನ್ನು ಹಾಕಿದರೂ ಅದು ಕೊಡುವ ಸಿದ್ಧ ಹೆಸರುಗಳನ್ನು ಬದಲಿಸಿ. ಕೌರಿಯನ್ನು ಹಾಗೇ ಬಿಟ್ಟರೆ ಅದು ತನ್ನ ಹೆಸರು ‘ಎಸ್‌ವಿಆರ್04’ ಎನ್ನುತ್ತದೆ. ಅನುಭವಿ ದಾಳಿಕೋರನಿಗೆ ಅದೊಂದೇ ಗುರುತು ಸಾಕು. ಬಲೆ ಎಂದು ಗೊತ್ತಾದವನು ಸುಮ್ಮನೆ ಹೋಗಬಹುದು, ಇಲ್ಲವೇ ಬಲೆಯಲ್ಲಿ ಗದ್ದಲ ಎಬ್ಬಿಸಿ ನಿಮ್ಮ ಕಣ್ಣು ಅಲ್ಲಿ ನೆಟ್ಟಿರುವಾಗ ಇನ್ನೊಂದು ಬಾಗಿಲಿಂದ ಬರಬಹುದು.

ನಾಲ್ಕನೆಯ ಹೆಜ್ಜೆ: ಹೊರದಾರಿ ಮುಚ್ಚಿ

ಈ ಹೆಜ್ಜೆಗೆ ಒಂದು ಪೂರ್ತಿ ಮಧ್ಯಾಹ್ನ ಕೊಡಿ.

ಬಲೆಯ ಯಂತ್ರದಿಂದ ಮೂರೇ ವಿಷಯ ಹೊರಗೆ ಹೋಗಬೇಕು: ಎಚ್ಚರಿಕೆಯ ಸಂದೇಶ, ಲಾಗ್ (ನಡೆದದ್ದರ ದಾಖಲೆ), ಸಮಯ ಕೇಳುವ ವಿನಂತಿ. ಉಳಿದದ್ದೆಲ್ಲ ರೂಟರ್‌ನಲ್ಲೇ ತಡೆಯಬೇಕು. ಸೇವೆ ಕೊಡುವವರು ಕೊಟ್ಟ ಸಾದಾ ರೂಟರ್‌ನಲ್ಲಿ ಇಷ್ಟು ಸೂಕ್ಷ್ಮ ನಿಯಮ ಬರೆಯಲು ಬಹಳ ಸಲ ಆಗುವುದಿಲ್ಲ. ಮೈಕ್ರೋಟಿಕ್ ರೂಟರ್ ಅಥವಾ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಿದ ರೂಟರ್ ಬೇಕು. ಅದಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ.

ಇಲ್ಲಿ ಒಂದು ತೊಡಕಿದೆ. ಬಲೆಯನ್ನು ರೂಟರ್ ಬೇರ್ಪಡಿಸಿದ ಉಪಜಾಲದಲ್ಲಿ, ಎಂದರೆ ಬೇರೆಯೇ ವಿಲ್ಯಾನ್‌ನಲ್ಲಿ ಇಟ್ಟರೆ ಅದು ಪಕ್ಕದ ಬಿಲ್ಲಿಂಗ್ ಕಂಪ್ಯೂಟರನ್ನು ಮುಟ್ಟದಂತೆ ರೂಟರ್ ತಡೆಯುತ್ತದೆ. ಆದರೆ ಕಚೇರಿಯ ಜಾಲದೊಳಗೆ ಹುಡುಕಾಡುವ ಕಳ್ಳನಿಗೆ ಬಲೆ ಸುಲಭಕ್ಕೆ ಕಾಣುವುದಿಲ್ಲ. ಅದೇ ಜಾಲದಲ್ಲಿ ಇಟ್ಟರೆ ಚೆನ್ನಾಗಿ ಕಾಣುತ್ತದೆ, ಆದರೆ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ ಎರಡು ಯಂತ್ರಗಳ ನಡುವಿನ ಮಾತು ರೂಟರ್ ತನಕ ಹೋಗುವುದೇ ಇಲ್ಲ, ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ನಾನು ಅನುಸರಿಸುವ ಕ್ರಮ ಇದು: ಯಾರನ್ನೂ ಒಳಗೆ ಬಿಡದ ಓಪನ್‌ಕ್ಯಾನರಿಯಾದರೆ ಕಚೇರಿ ಜಾಲದಲ್ಲೇ ಇಡುತ್ತೇನೆ, ಆ ಯಂತ್ರದ ಸ್ವಂತ ಫೈರ್‌ವಾಲ್‌ನಲ್ಲಿ ಅದರಿಂದ ಹೊರಡುವ ಸಂಪರ್ಕಗಳನ್ನು ಮುಚ್ಚುತ್ತೇನೆ. ಒಳಗೆ ಬಿಡುವ ಯಾವುದೇ ಬಲೆಯಾದರೆ ಬೇರೆ ವಿಲ್ಯಾನ್ ಕಡ್ಡಾಯ. ಅದು ಕಳ್ಳನ ಕಣ್ಣಿಗೆ ಬೀಳಲೆಂದು ಕಚೇರಿ ಕಂಪ್ಯೂಟರಿನಲ್ಲಿ ‘ಹಳೆ ಲೆಕ್ಕ’ ಎಂಬ ಶಾರ್ಟ್‌ಕಟ್ ಒಂದನ್ನು ಅದರತ್ತ ಬಿಟ್ಟಿರುತ್ತೇನೆ.

ನಿಯಮ ಬರೆದಾದ ಮೇಲೆ ನೀವೇ ಕಳ್ಳರಾಗಿ ಪರೀಕ್ಷಿಸಿ. ಬಲೆಯ ಯಂತ್ರದ ಮುಂದೆ ಕೂತು ಒಂದು ವೆಬ್‌ಸೈಟ್ ತೆರೆಯಲು ನೋಡಿ, ತೆರೆಯಬಾರದು. ಡಿವಿಆರ್‌ನ ವಿಳಾಸ ಹಾಕಿ, ಉತ್ತರ ಬರಬಾರದು. ಬಿಲ್ಲಿಂಗ್ ಕಂಪ್ಯೂಟರಿಗೆ ಪಿಂಗ್ ಮಾಡಿ (‘ಇದ್ದೀಯಾ’ ಎಂದು ಕೇಳುವ ಸಂದೇಶ), ಉತ್ತರ ಬರಬಾರದು. ಇಷ್ಟಾದ ಮೇಲೆ ಇದನ್ನೆಲ್ಲ ಐಪಿವಿ6ನಲ್ಲಿ, ಎಂದರೆ ಹೊಸ ಬಗೆಯ ಐಪಿ ವಿಳಾಸಗಳಲ್ಲಿ, ಮತ್ತೊಮ್ಮೆ ಮಾಡಿ. ಹಳೆಯ ಬಗೆಯ ಐಪಿವಿ4ಕ್ಕೆ ಬೀಗ ಹಾಕಿ ಐಪಿವಿ6 ಬಾಗಿಲನ್ನು ಹಾರುಹೊಡೆದು ಬಿಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬೇಡವಾದರೆ ಬಲೆಯ ಯಂತ್ರದಲ್ಲಿ ಐಪಿವಿ6 ಅನ್ನೇ ನಿಲ್ಲಿಸಿಬಿಡಿ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ 75 ಸೆಂಟುಗಳ ಲೆಕ್ಕದ ವ್ಯತ್ಯಾಸ ಹುಡುಕುತ್ತ ಹೋಗಿ ಒಬ್ಬ ನುಸುಳುಕೋರನನ್ನು ಕಂಡರು. ಫೋನ್ ಜಾಡು ಹಿಡಿಯುವಷ್ಟು ಹೊತ್ತು ಅವನನ್ನು ತಡೆದು ನಿಲ್ಲಿಸಲು ರಕ್ಷಣಾ ಯೋಜನೆಯ ಹುಸಿ ಕಡತಗಳನ್ನು ಸೃಷ್ಟಿಸಿದರು. ಕೊನೆಗೆ ಜಾಡು ಮುಟ್ಟಿದ್ದು ಜರ್ಮನಿಯ ಹ್ಯಾನೋವರ್‌ಗೆ. ಕದ್ದ ಮಾಹಿತಿ ಹೋಗುತ್ತಿದ್ದದ್ದು ಸೋವಿಯತ್ ಬೇಹುಗಾರರ ಕೈಗೆ. ಈ ಕಥೆಯಲ್ಲಿ ನನಗೆ ಇಷ್ಟವಾದದ್ದು ಹುಸಿ ಕಡತಗಳಿಗಿಂತ ಒಂದು ಸಣ್ಣ ಸಂಗತಿ. ನುಸುಳುಕೋರ ನಿಜವಾಗಿ ಸೂಕ್ಷ್ಮವಾದದ್ದಕ್ಕೆ ಕೈಹಾಕಿದಾಗ ಸ್ಟೋಲ್ ತಮ್ಮ ಬೀಗದ ಕೈ ಗೊಂಚಲನ್ನು ತಂತಿಯ ಕನೆಕ್ಟರಿಗೆ ತಾಗಿಸಿ ಅಲ್ಲಾಡಿಸುತ್ತಿದ್ದರು. ಸಾಲು ಕೆಟ್ಟಂತೆ ಕಂಡು ಅವನ ನಕಲು ಅರ್ಧಕ್ಕೇ ನಿಲ್ಲುತ್ತಿತ್ತು. ತಿಂಗಳುಗಟ್ಟಲೆ ಕಾವಲು ಕೂತ ಮನುಷ್ಯ, ಕೈಯಳತೆಯಲ್ಲಿ ತಡೆಯುವ ಉಪಾಯ, ಎರಡೂ ಇದ್ದುದರಿಂದ ಆ ಬಲೆ ಯಾರಿಗೂ ಹಾನಿ ಮಾಡಲಿಲ್ಲ. ನನ್ನ ಬಲೆಯ ಪಕ್ಕ ಯಾರೂ ಇರಲಿಲ್ಲ.

ಐದನೆಯ ಹೆಜ್ಜೆ: ಬಲೆಯಲ್ಲಿ ಏನಿಡಬೇಕು, ಏನಿಡಬಾರದು

ಆಮಿಷಕ್ಕೆಂದು ಹಳೆಯ ಅತಿಥಿಗಳ ಪಟ್ಟಿಯನ್ನೇ ನಕಲು ಮಾಡಿ ಹಾಕುವವರಿದ್ದಾರೆ. ದಯಮಾಡಿ ಬೇಡ. ಅದರಲ್ಲಿ ನಿಜವಾದ ಜನರ ಆಧಾರ್, ಪಾಸ್‌ಪೋರ್ಟ್, ಫೋನ್ ನಂಬರುಗಳಿರುತ್ತವೆ. ನಿಮ್ಮ ಮನೆಯಲ್ಲಿ ಎರಡು ರಾತ್ರಿ ನಂಬಿ ಮಲಗಿದವರ ಗುರುತನ್ನು ಮೀನಿನ ಗಾಳಕ್ಕೆ ಸಿಕ್ಕಿಸಿದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇದಕ್ಕೆ ಸಮಜಾಯಿಷಿ ಕೊಡುವುದು ಕಷ್ಟ.

ಮನಸ್ಸಿಗೆ ಬಂದ 12 ಅಂಕಿ ಬರೆದರೂ ಅದು ಯಾರದೋ ನಿಜವಾದ ಆಧಾರ್ ಆಗಿಬಿಡಬಹುದು. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಆದ್ದರಿಂದ ಹುಸಿ ಸಂಖ್ಯೆಗಳನ್ನೆಲ್ಲ 0ಯಿಂದಲೋ 1ರಿಂದಲೋ ಆರಂಭಿಸಿ. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗೆ ಶುರುವಾಗುತ್ತವೆ. ಹುಸಿ ಮೊಬೈಲ್ ಸಂಖ್ಯೆಯ ಮೊದಲಿಗೆ 2 ಅಥವಾ 3 ಹಾಕಿದರೆ ಅದು ಯಾರ ಮೊಬೈಲ್ ಸಂಖ್ಯೆಯೂ ಆಗುವುದಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ನಿಮ್ಮದೇ ಸಿಬ್ಬಂದಿ ತಪ್ಪಿ ಬಲೆಯ ಲಾಗಿನ್ ಪುಟದಲ್ಲಿ ತಮ್ಮ ನಿಜವಾದ ಪಾಸ್‌ವರ್ಡ್ ಹೊಡೆಯುತ್ತಾರೆ. ಬಲೆ ಅದನ್ನು ಬಿಡಿಬಿಡಿಯಾಗಿ, ಓದುವಂತೆ ಬರೆದಿಡುತ್ತದೆ. ಆ ಲಾಗ್ ಕಡತ ಯಾರ ಕೈಗಾದರೂ ಸಿಕ್ಕರೆ ಬಲೆಯೇ ಕನ್ನಗಳ್ಳನಾಯಿತು. ಲಾಗ್ ಬಲೆಯ ಯಂತ್ರದಲ್ಲೇ ಉಳಿಯದಂತೆ ಬೇರೆ ಕಡೆ ಕಳಿಸಿ, ಯಾರು ಓದಬಹುದು ಎಂದು ನಿಗದಿ ಮಾಡಿ, ಸಿಬ್ಬಂದಿಯ ಪಾಸ್‌ವರ್ಡ್ ಅದರಲ್ಲಿ ಕಂಡರೆ ಅಂದೇ ಬದಲಿಸಲು ಹೇಳಿ.

ಆರನೆಯ ಹೆಜ್ಜೆ: ಎಚ್ಚರಿಕೆ ಬಂದಾಗ ಯಾರ ಮೇಲೂ ಬೆರಳು ತೋರಿಸಬೇಡಿ

ಹಂದಿಗೆಂದು ಬೇಲಿಯಲ್ಲಿ ಇಟ್ಟ ಉರುಳಿಗೆ ಚಿರತೆಯೂ ಬೀಳುತ್ತದೆ, ಮನೆಯ ನಾಯಿಯೂ ಬೀಳುತ್ತದೆ. ಒಂದು ತೋಟದ ಕಚೇರಿಯಲ್ಲಿ ಓಪನ್‌ಕ್ಯಾನರಿ ಇಟ್ಟು ಎರಡು ವಾರವಾಗಿತ್ತು. ಒಂದು ರಾತ್ರಿ 11 ಗಂಟೆ ದಾಟಿದ ಮೇಲೆ ನನ್ನ ಫೋನಿಗೆ ಸಾಲುಸಾಲು ಸಂದೇಶ ಬಂತು. ಮುಟ್ಟಿದ್ದು ತೋಟದ ರೈಟರ್ ಬಳಸುವ ಲ್ಯಾಪ್‌ಟಾಪ್. ನಾನು ಆತುರದಲ್ಲಿ ಯಜಮಾನರಿಗೆ ಅದೇ ರಾತ್ರಿ ಹೇಳಿಬಿಟ್ಟೆ. ಬೆಳಿಗ್ಗೆ ಹೋಗುವಷ್ಟರಲ್ಲಿ ರೈಟರ್ ಕಣದ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಹದಿನೆಂಟು ವರ್ಷದಿಂದ ಕೂಲಿಯ ಲೆಕ್ಕ, ಮೆಣಸಿನ ತೂಕ ಬರೆದವರು. ಲ್ಯಾಪ್‌ಟಾಪ್ ತೆರೆದು ನೋಡಿದರೆ ಹಿಂದಿನ ಸಂಜೆ ಹೊಸ ಪ್ರಿಂಟರ್‌ಗೆ ಹಾಕಿದ ತಂತ್ರಾಂಶ, ಪ್ರಿಂಟರ್ ಎಲ್ಲಿದೆ ಎಂದು ಜಾಲದ ಪ್ರತಿ ವಿಳಾಸವನ್ನೂ ತಟ್ಟಿ ನೋಡುತ್ತಿತ್ತು. ನಾನು ಅವರ ಕ್ಷಮೆ ಕೇಳಿದೆ, ಅವರು ‘ಹೋಗಲಿ ಬಿಡಿ’ ಎಂದರು. ಆದರೆ ಆ ಬೆಳಿಗ್ಗೆ ಆ ಮನೆಯಲ್ಲಿ ಆಡಿದ ಮಾತುಗಳನ್ನು ವಾಪಸು ಪಡೆಯಲು ನನ್ನಿಂದ ಆಗಲಿಲ್ಲ.

ಐಪಿ ವಿಳಾಸ ಒಂದು ಯಂತ್ರವನ್ನು ತೋರಿಸುತ್ತದೆ, ಅದರ ಮುಂದೆ ಕೂತ ಮನುಷ್ಯನನ್ನಲ್ಲ. ಬಲೆ ಇಟ್ಟ ಮೊದಲ ಹದಿನೈದು ದಿನ ಪ್ರಿಂಟರ್, ಆಂಟಿವೈರಸ್, ಸ್ಮಾರ್ಟ್ ಟಿವಿ ಯಾವುದು ಸಹಜವಾಗಿ ತಟ್ಟುತ್ತದೆ ಎಂದು ಬರೆದಿಟ್ಟುಕೊಳ್ಳಿ, ಎಚ್ಚರಿಕೆ ನಿಮಗೆ ಮಾತ್ರ ಬರಲಿ. ಮೂರು ವಿಷಯ ಖಚಿತವಾಗುವ ತನಕ ಯಾರ ಹೆಸರನ್ನೂ ಆಡಬೇಡಿ: ಯಂತ್ರ ಯಾವುದು, ಅದರಲ್ಲಿ ಯಾವ ತಂತ್ರಾಂಶ ಓಡುತ್ತಿತ್ತು, ಆ ಹೊತ್ತಿಗೆ ಅದರ ಮುಂದೆ ಯಾರಿದ್ದರು. ಅತಿಥಿಗಳ ವೈಫೈಯಲ್ಲಂತೂ ಬಲೆ ಇಡಲೇಬೇಡಿ. ರಜೆಗೆ ಬಂದ ಹುಡುಗನ ಕುತೂಹಲವೇ ನಿಮ್ಮ ಬಲೆಗೆ ಬೀಳುವ ದೊಡ್ಡ ಬೇಟೆ.

ಏಳನೆಯ ಹೆಜ್ಜೆ: ಗಡಿಯಾರ, ಕರೆಂಟು

ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ನಮಗೆ ಹೊಸದಲ್ಲ. ರಾಸ್ಪ್‌ಬೆರಿ ಪೈ ಎಂಬ, ಬಲೆಗೆ ಬಳಸುವ ಪುಟ್ಟ ಕಂಪ್ಯೂಟರಿನ 4ನೇ ಮಾದರಿ ಮತ್ತು ಅದಕ್ಕಿಂತ ಹಳೆಯವಕ್ಕೆ ಸ್ವಂತ ಗಡಿಯಾರವಿಲ್ಲ. ಕರೆಂಟು ಬಂದು ಫೈಬರ್ ಇನ್ನೂ ಬಾರದಿದ್ದಾಗ ಅದು ನಿಂತ ಗಳಿಗೆಯಿಂದಲೇ ಎಣಿಸಲು ಶುರುಮಾಡುತ್ತದೆ. ಗುರುವಾರದ ಘಟನೆ ಲಾಗ್‌ನಲ್ಲಿ ಮಂಗಳವಾರ ಎಂದು ದಾಖಲಾಗುತ್ತದೆ. ಆ ದಾಖಲೆಯನ್ನು ಯಾರೂ ನಂಬುವುದಿಲ್ಲ. ಪುಟ್ಟ ಗಡಿಯಾರದ ಚಿಪ್ ಜೋಡಿಸಿ, ಚಿಕ್ಕ ಯುಪಿಎಸ್ ಕೊಡಿ. ಪದೇಪದೇ ಕರೆಂಟು ಹೋದರೆ ಮೆಮೊರಿ ಕಾರ್ಡೂ ಕೆಡುತ್ತದೆ, ಲಾಗ್ ಬೇರೆ ಕಡೆಗೆ ಹೋಗಲಿ ಎಂದಿದ್ದಕ್ಕೆ ಇದೂ ಒಂದು ಕಾರಣ.

ಸೈಬರ್ ದಾಳಿಗಳ ವಿಷಯ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರದ ಮಾತು ಇದೆ: ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಯಂತ್ರಗಳು ಹೊಂದಿಕೊಂಡಿರಬೇಕು. ಲಾಗ್‌ಗಳನ್ನು 180 ದಿನ ಇಡಬೇಕು, ಅದರಲ್ಲಿ ಪಟ್ಟಿ ಮಾಡಿರುವ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಐಟಿ ಕಾಯ್ದೆಯ 43ಎ ಸೆಕ್ಷನ್ನಿನ ವಿವರಣೆಯಂತೆ ವ್ಯವಹಾರ ನಡೆಸುವ ಒಬ್ಬರೇ ಮಾಲೀಕರ ಸಂಸ್ಥೆಯೂ ಈ ನಿರ್ದೇಶನ ಅನ್ವಯಿಸುವ ‘ಬಾಡಿ ಕಾರ್ಪೊರೇಟ್’ ಎನಿಸುತ್ತದೆ.

ಎಂಟನೆಯ ಹೆಜ್ಜೆ: ನಿಜವಾಗಿಯೂ ಯಾರೋ ಬಿದ್ದರೆ

ಬೆನ್ನಟ್ಟಬೇಡಿ. ಅವನ ಯಂತ್ರಕ್ಕೆ ನೀವು ತಿರುಗಿ ನುಗ್ಗಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳು ನಿಮಗೂ ಅನ್ವಯಿಸುತ್ತವೆ. ‘ಅವನೇ ಮೊದಲು ಬಂದ’ ಎಂಬ ವಿನಾಯಿತಿ ಅದರಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಕಾಣುವ ಐಪಿ ವಿಳಾಸ ಬಹುಪಾಲು ಇನ್ನೊಬ್ಬ ಬಲಿಪಶುವಿನದು. ನನ್ನ ಬಲೆಯಿಂದ ಸ್ಪ್ಯಾಮ್ ಪಡೆದವರಿಗೆ ಕಾಣುತ್ತಿದ್ದದ್ದು ಆ ಹೋಂಸ್ಟೇಯ ವಿಳಾಸ.

ಯಂತ್ರದ ಕರೆಂಟು ತೆಗೆಯಬೇಡಿ, ಜಾಲದ ತಂತಿ ಕೀಳಿ. ಕರೆಂಟು ತೆಗೆದರೆ ಮೆಮೊರಿಯಲ್ಲಿ ಓಡುತ್ತಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬಲೆ ಹಿಡಿದಿಟ್ಟ ಕಡತಗಳನ್ನು ತೆರೆದು ನೋಡುವ ಚಪಲ ಬೇಡ. ಅದರಲ್ಲಿ ಕುತಂತ್ರಾಂಶ ಇರುತ್ತದೆ. ಕೆಲವೊಮ್ಮೆ ಮಕ್ಕಳ ಅಶ್ಲೀಲ ಚಿತ್ರಗಳನ್ನು ಅಡಗಿಸಿಡಲು ಇಂಥ ಯಂತ್ರಗಳನ್ನು ಬಳಸುತ್ತಾರೆ. ಅದರ ಸುಳಿವು ಸಿಕ್ಕರೂ ನಕಲು ಮಾಡದೆ, ಯಾರಿಗೂ ಕಳಿಸದೆ ನೇರ ಪೊಲೀಸರಿಗೆ ತಿಳಿಸಿ.

ಲಾಗ್‌ನ ಪ್ರತಿ ತೆಗೆದು ಅದರ ಹ್ಯಾಶ್ ಸಂಖ್ಯೆಯನ್ನು (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಗುರುತು) ಆ ಕ್ಷಣವೇ ಬರೆದಿಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ನಮೂದಿಸಬೇಕು. ದೂರು ಕೊಡಲು ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ಹಣ ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಉಳಿದದ್ದೆಲ್ಲ ಆಮೇಲೆ.

ಕೊನೆಯ ಹೆಜ್ಜೆ: ಬಲೆ ಕೀಳುವುದು

ಬಲೆ ಇಡುವ ದಿನವೇ ತೆಗೆಯುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಬರೆಯಿರಿ. ವಾರಕ್ಕೊಮ್ಮೆಯಾದರೂ ಲಾಗ್ ನೋಡುವವರು ಇಲ್ಲವಾದರೆ ಆ ದಿನಾಂಕ ಇವತ್ತೇ. ತೆಗೆಯುವಾಗ ಯಂತ್ರ ಆಫ್ ಮಾಡಿದರೆ ಮುಗಿಯಲಿಲ್ಲ. ಮೆಮೊರಿ ಕಾರ್ಡ್ ಅಳಿಸಿ, ಎಚ್ಚರಿಕೆ ಕಳಿಸುತ್ತಿದ್ದ ಇಮೇಲ್ ಖಾತೆ ಮುಚ್ಚಿ, ಕಚೇರಿ ಕಂಪ್ಯೂಟರಿನ ಹುಸಿ ಶಾರ್ಟ್‌ಕಟ್ ತೆಗೆಯಿರಿ, ಬಳಿಕ ರೂಟರ್‌ನ ನಿಯಮಗಳನ್ನು ಒಂದೊಂದಾಗಿ ಓದಿ.

ಮೊದಲು ಹೇಳಿದ ಹೋಂಸ್ಟೇಯಲ್ಲಿ ನಾನು ಆ ಶನಿವಾರವೇ ಬಲೆಯ ಕಂಪ್ಯೂಟರನ್ನು ಕಿತ್ತು ಜೀಪಿಗೆ ಹಾಕಿಕೊಂಡು ಬಂದಿದ್ದೆ. ಎರಡು ವರ್ಷದ ನಂತರ ಬೇರೆ ಕೆಲಸಕ್ಕೆ ಹೋದಾಗ ರೂಟರ್ ತೆರೆದು ನೋಡಿದೆ. 22ನೇ ಪೋರ್ಟನ್ನು ಒಳಗೆ ತಿರುಗಿಸುವ ನಿಯಮ ಹಾಗೆಯೇ ಇತ್ತು. ಬಲೆಗೆ ಕೊಟ್ಟಿದ್ದ ಆ ಒಳವಿಳಾಸ ಖಾಲಿಯಾದ ಮೇಲೆ ರೂಟರ್ ಅದನ್ನು ತಾನಾಗಿಯೇ ಇನ್ನೊಂದು ಯಂತ್ರಕ್ಕೆ ಕೊಟ್ಟಿತ್ತು. ಅತಿಥಿಗಳ ಪಾಸ್‌ಪೋರ್ಟ್ ಪ್ರತಿಗಳಿದ್ದ ಬುಕಿಂಗ್ ಕಂಪ್ಯೂಟರಿಗೆ. ಅದರಲ್ಲಿ 22ನೇ ಪೋರ್ಟ್ ಕೇಳುವ ತಂತ್ರಾಂಶ ಯಾವುದೂ ಇರಲಿಲ್ಲವಾದ್ದರಿಂದ ಬಾಗಿಲ ಹಿಂದೆ ಗೋಡೆಯಿತ್ತು. ಯಜಮಾನರನ್ನು ಕರೆದು ಪರದೆಯ ಮೇಲೆ ಆ ಸಾಲನ್ನು ತೋರಿಸಿದೆ, ಅದೇನೆಂದು ವಿವರಿಸಿದೆ, ಅವರ ಎದುರೇ ಅಳಿಸಿದೆ.